ಪರಂಗಿ ತಿಂದರೆ ಹಾರ್ಟ್ ಬ್ಲಾಕ್ ಕರಗುತ್ತದೆಯೇ?

ಪ್ರಶ್ನೆ: ಎಂಥ ಬಲಿತ ಮಟನ್ ಆದರೂ ಪರಂಗಿಕಾಯಿ ಚೂರು ಹಾಕಿದರೆ ಬೇಗ ಬೇಯುತ್ತದೆ. ನಮ್ಮ ತಂದೆಗೆ ಎರಡು ಬ್ಲಾಕ್ ಇದೆ. ದಿನಾ ಪರಂಗಿ ಕೊಟ್ಟರೆ ಅದೂ ಕರಗುತ್ತದಂತೆ, ನಿಜವೇ? (ಓದುಗರು, ಮದ್ದೂರು)

ಉತ್ತರ: ಇಲ್ಲ, ಕರಗುವುದಿಲ್ಲ. ಮಂಡ್ಯ, ಮಳವಳ್ಳಿ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ, ನಾನು ಇದೇ ಉತ್ತರ ಬರೆಯುತ್ತಲೇ ಇದ್ದೇನೆ. ಈ ಸಲ ಕಾರಣವನ್ನೂ ಬಿಡಿಸಿ ಹೇಳುತ್ತೇನೆ.

ಮಾಂಸ ಮೆತ್ತಗಾಗುವುದು ನಿಜ. ಕಾಯಿಯ ಹಾಲಿನಲ್ಲಿ ಪಪೈನ್ ಎಂಬ ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ ಇದೆ. ಹಣ್ಣಾದಂತೆ ಆ ಹಾಲು ಬತ್ತುತ್ತದೆ, ಹಣ್ಣಿನಲ್ಲಿ ಪಪೈನ್ ಉಳಿಯುವುದೇ ಕಡಿಮೆ. ಕಾಯನ್ನೇ ತಿಂದರೆ? ಪಪೈನ್ ಕೂಡ ಪ್ರೋಟೀನೇ. ಕಾಳು, ಮೊಟ್ಟೆಯ ಪ್ರೋಟೀನನ್ನು ಅರಗಿಸುವ ಹಾಗೇ ಹೊಟ್ಟೆ ಅದನ್ನೂ ಚೂರು ಮಾಡಿ ಅರಗಿಸುತ್ತದೆ. ಅಲ್ಪಸ್ವಲ್ಪ ರಕ್ತ ಸೇರಿದರೂ ಅಲ್ಲಿರುವ ಆಲ್ಫಾ-2 ಮ್ಯಾಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಅದನ್ನು ಹಿಡಿದು ಹಾಕುತ್ತದೆ. ಹಿಡಿಯದೆ ಬಿಟ್ಟರೆ ರಕ್ತನಾಳಕ್ಕೇ ಅಪಾಯ, ಏಕೆಂದರೆ ಯಾವುದು ಬ್ಲಾಕ್, ಯಾವುದು ನಾಳ ಎಂಬ ಭೇದ ಪಪೈನ್‌ಗೆ ಇಲ್ಲ.

ಬ್ಲಾಕ್ ಎಂದರೆ ನಾಳದೊಳಗೆ ಅಂಟಿಕೊಂಡ ಜಿಡ್ಡು ಎಂದುಕೊಂಡಿರುವುದೇ ಎಲ್ಲ ಎಡವಟ್ಟಿಗೂ ಮೂಲ. ಅದು ನಾಳದ ಒಳಪದರದ ಕೆಳಗೆ, ಗೋಡೆಯೊಳಗೇ ವರ್ಷಾನುಗಟ್ಟಲೆ ಬೆಳೆದ ಗಂಟು. ಅದರಲ್ಲಿ ಕೊಲೆಸ್ಟ್ರಾಲ್, ನಾರು ಅಂಗಾಂಶ, ಕ್ಯಾಲ್ಸಿಯಂ ಇರುತ್ತವೆ. ಕೊಲೆಸ್ಟ್ರಾಲ್ ಪ್ರೋಟೀನೇ ಅಲ್ಲ, ಇನ್ನು ಪ್ರೋಟಿಯೇಸ್ ಅದನ್ನು ಕತ್ತರಿಸುವುದೆಲ್ಲಿ ಬಂತು? ಗಂಟಿನ ಮೇಲಿನ ಹೊದಿಕೆ ಮಾತ್ರ ಕೊಲಾಜೆನ್ ಎಂಬ ಪ್ರೋಟೀನಿನದು. ಅಲ್ಲಿ ಸೇರಿಕೊಂಡ ನಮ್ಮದೇ ರಕ್ಷಣಾ ಕಣಗಳು ಬಿಡುವ ಎಂಎಂಪಿ ಎಂಬ ಪ್ರೋಟಿಯೇಸ್‌ಗಳು ಅದನ್ನು ಸವೆಸುತ್ತವೆ. ಹೊದಿಕೆ ಹರಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗುತ್ತದೆ. ಇಂಥ ಜಾಗಕ್ಕೆ ಇನ್ನಷ್ಟು ಪ್ರೋಟಿಯೇಸ್ ಬೇಕೆಂದು ಬಯಸುತ್ತೀರಾ?

ಆ ಹೊಸ ಹೆಪ್ಪು ಕರಗಿಸಲು ಮಾತ್ರ ಪ್ರೋಟಿಯೇಸ್ ಬೇಕು. ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ರಕ್ತದಲ್ಲಿರುವ ಪ್ಲಾಸ್ಮಿನೋಜೆನ್ನನ್ನು ಪ್ಲಾಸ್ಮಿನ್ ಎಂಬ ಪ್ರೋಟಿಯೇಸ್ ಆಗಿಸುತ್ತದೆ, ಪ್ಲಾಸ್ಮಿನ್ ಹೆಪ್ಪಿನ ಫೈಬ್ರಿನ್ ಎಳೆಗಳನ್ನು ತುಂಡರಿಸುತ್ತದೆ. ನೋವು ಶುರುವಾದ 12 ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಎದೆ ಹಿಂಡಿದಾಗ ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ, ಇಸಿಜಿ ಮಾಡಿಸಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಗದ್ದೆಯಲ್ಲಿ ದುಡಿಯುವ ಸಣಕಲು ಮೈಯವರಿಗೂ ಕೊಲೆಸ್ಟ್ರಾಲ್ ಏಕೆ ಏರುತ್ತದೆ? 2003ರಲ್ಲಿ ಪತ್ತೆಯಾದ ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಕೂಡ ಪ್ರೋಟಿಯೇಸ್ ಕುಲದ್ದೇ, ಆದರೆ ಅದು ಕತ್ತರಿಸುವುದು ತನ್ನನ್ನು ಮಾತ್ರ. ಆಮೇಲೆ ರಕ್ತದಿಂದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಹಿಡಿಯುವ ಲಿವರ್‌ನ ಗ್ರಾಹಕಗಳಿಗೆ ಅಂಟಿಕೊಂಡು ಅವು ನಾಶವಾಗುವಂತೆ ಮಾಡುತ್ತದೆ. ಕೆಲವು ಮನೆತನಗಳಲ್ಲಿ ಇದರ ಜೀನ್ ಬದಲಾಗಿ ಈ ಕೆಲಸ ಅತಿಯಾಗುತ್ತದೆ. ಇದನ್ನು ತಡೆಯುವ ಇಂಜೆಕ್ಷನ್‌ಗಳು 2015ರಿಂದ ಇವೆ, ದುಬಾರಿ. ಮೊದಲು ಕೊಡುವುದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೇ. ತಂದೆಗೆ 55 ತುಂಬುವ ಮೊದಲೇ ಬ್ಲಾಕ್ ಆಗಿದ್ದರೆ ನೀವೂ ನಿಮ್ಮ ಒಡಹುಟ್ಟಿದವರೂ ಲಿಪಿಡ್ ಪ್ರೊಫೈಲ್ ಎಂಬ ಕೊಲೆಸ್ಟ್ರಾಲ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.