ಕೂತುಹೋದ ಕಾಫಿ ಕಣವನ್ನು ಒಡೆಯದೆ ಎತ್ತಬಹುದಾ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಕಾಫಿ ಒಣಗಿಸುವ ಕಣದ ಒಂದು ಮೂಲೆ ಈ ಮಳೆಗಾಲದಲ್ಲಿ ಎರಡು ಇಂಚು ಕೂತಿದೆ. ನೀರು ಅಲ್ಲೇ ನಿಲ್ಲುತ್ತೆ. ಕಾಂಕ್ರೀಟ್ ಒಡೆಯದೆ, ಅದರ ಕೆಳಗೆ ಫೋಮ್ ತುಂಬಿಸಿ ಎತ್ತಬಹುದು ಅಂತಾರೆ. ನಿಜವಾ?

ನಿಜ. ಆದರೆ ಫೋಮ್‌ನವರಿಗೆ ಫೋನ್ ಮಾಡುವ ಮೊದಲು, ಕಣದ ಅಡಿಯ ಮಣ್ಣು ಎಲ್ಲಿಗೆ ಹೋಯಿತು ಅಂತ ನೋಡಿ.

ನಮ್ಮಲ್ಲಿ ಸಮತಟ್ಟಾದ ಜಾಗ ಎಲ್ಲಿದೆ ಹೇಳಿ? ಒಂದು ಕಡೆ ಬರೆ (ಗುಡ್ಡದ ಇಳಿಜಾರು) ಕಡಿದು, ಅದೇ ಮಣ್ಣನ್ನು ಇನ್ನೊಂದು ಕಡೆಗೆ ತಳ್ಳಿ ಕಣ ಮಾಡಿರುತ್ತೇವೆ. ಕಡಿದ ಕಡೆ ನೆಲ ಗಟ್ಟಿ. ತುಂಬಿಸಿದ ಕಡೆ ಜೆಸಿಬಿ ನಾಲ್ಕು ಸಲ ಓಡಾಡಿದ್ದೇ ದಮ್ಮಸು. ಆಮೇಲೆ ಮಾಡಿನ (ಛಾವಣಿಯ) ನೀರು ಕಣದ ಅಂಚಿಗೇ ಬಿದ್ದು, ಬಿರುಕಿನಲ್ಲಿ ಇಳಿದು, ಮಣ್ಣನ್ನು ಸ್ವಲ್ಪ ಸ್ವಲ್ಪವೇ ಕೊಚ್ಚಿಕೊಂಡು ಹೋಗುತ್ತದೆ. ಹಾರೆಯ ಹಿಡಿಯಿಂದ ಕಾಂಕ್ರೀಟ್ ತಟ್ಟಿ ನೋಡಿ. ಡಬ್ ಡಬ್ ಅಂದರೆ ಅಡಿ ಟೊಳ್ಳು. ಬಿರುಕಿಗೆ ಒಂದು ಬಕೆಟ್ ನೀರು ಸುರಿದಾಗ ಗಟಗಟ ಕುಡಿದುಬಿಟ್ಟರೆ ಅನುಮಾನವೇ ಬೇಡ.

ಇಂಥ ಟೊಳ್ಳಿಗೆ ಫೋಮ್ ಒಳ್ಳೆಯದೇ. ಕಾಂಕ್ರೀಟ್‌ನಲ್ಲಿ ಬೆರಳು ಹೋಗುವಷ್ಟು ತೂತು ಕೊರೆದು, ಎರಡು ರಾಸಾಯನಿಕಗಳನ್ನು ಗನ್ನಿನಲ್ಲಿ ಬೆರೆಸಿ ಒಳಗೆ ಬಿಡುತ್ತಾರೆ. ಅದು ಕೆಲವೇ ಸೆಕೆಂಡಿನಲ್ಲಿ ಹಲವು ಪಟ್ಟು ಉಬ್ಬಿ, ಟೊಳ್ಳು ತುಂಬಿ, ಕಾಂಕ್ರೀಟನ್ನು ಮೇಲಕ್ಕೆ ಒತ್ತುತ್ತದೆ. ಫ್ರಿಜ್ ಗೋಡೆಯೊಳಗೆ ಇರುತ್ತದಲ್ಲ, ಅದೇ ಪಾಲಿಯುರೆಥೇನ್ ಜಾತಿಯದು. ಗಟ್ಟಿಯಾಗಲು ಅರ್ಧ ಗಂಟೆಯೂ ಬೇಡ. ಕೆಲಸದವರು ಲೆವೆಲ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಬಿಡಬೇಕು. ಜಾಸ್ತಿ ಎತ್ತಿಬಿಟ್ಟರೆ ಇಳಿಸುವ ದಾರಿಯಿಲ್ಲ.

ಸಿಮೆಂಟ್ ಗ್ರೌಟ್, ಅಂದರೆ ತೆಳ್ಳಗಿನ ಸಿಮೆಂಟ್ ಗಾರೆ, ಪಂಪ್ ಮಾಡಿಯೂ ಎತ್ತಬಹುದು, ಖರ್ಚು ಸಾಮಾನ್ಯವಾಗಿ ಕಡಿಮೆ. ಆದರೆ ಗ್ರೌಟ್ ಒಂದು ಘನ ಮೀಟರ್‌ಗೆ ಒಂದೂವರೆ ಟನ್ ದಾಟುತ್ತದೆ. ಫೋಮ್ ನೂರು ಕೆಜಿಯೂ ತೂಗುವುದಿಲ್ಲ. ಸಡಿಲ ಮಣ್ಣಿನ ಮೇಲೆ ಮತ್ತೆ ಭಾರ ಹೇರುವುದು ಬೇಡ ಅಲ್ವಾ? ಹಾಗಾಗಿ ತುಂಬಿಸಿದ ನೆಲಕ್ಕೆ ನನ್ನ ಓಟು ಫೋಮ್‌ಗೆ.

ಕಾಂಕ್ರೀಟ್ ಚೂರು ಚೂರಾಗಿದ್ದರೆ ಸುಮ್ನೆ ದುಡ್ಡು ದಂಡ, ಒಡೆದು ಹೊಸದೇ ಹಾಕಿ.

ಇನ್ನೊಂದು ಮಾತು, ಇದು ಮುಖ್ಯ. ಬಿರುಕು ಬರೆಯ ಅಂಚಿಗೆ ಸಮನಾಗಿ ಉದ್ದಕ್ಕೆ ಓಡಿದೆಯಾ? ಕೆಳಗಿನ ತಡೆಗೋಡೆ ಹೊಟ್ಟೆ ಬಿಟ್ಟಿದೆಯಾ? ಸಿಲ್ವರ್ ಓಕ್ ಮರಗಳು ವಾಲಿವೆಯಾ? ಹಾಗಿದ್ದರೆ ಜಾರುತ್ತಿರುವುದು ಬರೆಯೇ ಇರಬಹುದು. 2018ರ ಆಗಸ್ಟ್‌ನ ಭೂಕುಸಿತ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಫೋಮ್ ಹಿಡಿದು ನಿಲ್ಲಿಸುವುದಿಲ್ಲ, ಭೂಗರ್ಭ ತಜ್ಞರನ್ನು ಕರೆಸಿ.

ಬರೀ ಟೊಳ್ಳಾದರೆ ಮೊದಲು ಮಾಡಿನ ನೀರು ಹರಿದುಹೋಗಲು ದೋಣಿ (ಗಟರ್), ಕಣದ ಸುತ್ತ ಚರಂಡಿ. ಆಮೇಲೆ ಫೋಮ್. ಮಳೆ ನಿಂತು, ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಮುಗಿಸಿ. ಗನ್ ಓಡುವಾಗ ಮಕ್ಕಳು, ನಾಯಿ ದೂರ ಇರಲಿ, ಹಸಿ ರಾಸಾಯನಿಕ ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ. ತೂತುಗಳನ್ನು ಗಾರೆಯಿಂದ ಮುಚ್ಚಿಸಿ, ಚೆಲ್ಲಿದ ಫೋಮನ್ನು ಕೆರೆದು, ಕಣ ತೊಳೆದ ಮೇಲೆಯೇ ಕಾಫಿ ಹರವಿ.