ಲಾರಿಯ ಮುಂದಿನ ಆಕ್ಸಲ್: ನೆಲದ ಮೇಲೆ ಒಂದು ಲೆಕ್ಕ, ಜಾಕಿ ಮೇಲೆ ಇನ್ನೊಂದು ಲೆಕ್ಕ

ಐಟಿಐಯಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಓದುತ್ತಿರುವವರಿಗೆ, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಪುಸ್ತಕದಲ್ಲಿ ಪಾರ್ಟುಗಳ ಹೆಸರು, ಚಿತ್ರ ಎಲ್ಲಾ ಸಿಗುತ್ತದೆ. ಆದರೆ ಪ್ಲೇ, ಅಂದರೆ ಪಾರ್ಟುಗಳ ನಡುವಿನ ಸಡಿಲ, ನೋಡುವಾಗ ಗಾಡಿಗೆ ಯಾವಾಗ ಜಾಕಿ ಕೊಡಬೇಕು, ಯಾವಾಗ ನೆಲದ ಮೇಲೇ ಬಿಡಬೇಕು, ಯಾಕೆ ಹಾಗೆ ಅನ್ನುವುದು ನನಗೆ ತುಂಬಾ ದಿನ ತಲೆಗೆ ಹತ್ತಿರಲಿಲ್ಲ. ಈಗ ಹತ್ತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಹಾಗಾಗಿ ಆ ಭಾಗವೇ ಜಾಸ್ತಿ ಉದ್ದ ಇರುತ್ತದೆ.

ಸವೆಯುವ ಪಾರ್ಟುಗಳು

ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಇದರ ಸುತ್ತ ತಿರುಗುತ್ತದೆ), ಅದರ ಮೇಲಿನ ಬುಷ್, ಕೆಳಗಿನ ಬುಷ್ (ಪಿನ್ ಸುತ್ತ ಕೂರುವ ಕೊಳವೆ), ಥ್ರಸ್ಟ್ ಬೇರಿಂಗ್ (ಮೇಲಿನಿಂದ ಬೀಳುವ ಭಾರ ಹೊರುವುದು), ಶಿಮ್ (ಸಂದು ತುಂಬುವ ತೆಳು ಬಿಲ್ಲೆ), ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಎಂಡ್, ಹಬ್ ಬೇರಿಂಗ್. ಇವು ಗೊತ್ತಿದ್ದರೆ ಸಾಕು. ಸ್ಟೇರಿಂಗ್ ಬಾಕ್ಸಿನಿಂದ ಡ್ರಾಪ್ ಆರ್ಮ್, ಅಲ್ಲಿಂದ ಡ್ರ್ಯಾಗ್ ಲಿಂಕ್, ಅದು ಬಲಗಡೆ ಸ್ಟಬ್ ಆಕ್ಸಲನ್ನು, ಅಂದರೆ ಚಕ್ರದ ಹಬ್ ಕೂರುವ ತುಂಡನ್ನು, ತಿರುಗಿಸುತ್ತದೆ. ಟೈ ರಾಡ್ ಆ ತಿರುವನ್ನು ಎಡಗಡೆಗೆ ಒಯ್ಯುತ್ತದೆ.

ಭಾರದ ಅಂದಾಜು ಇರಲಿ. ಎರಡು ಆಕ್ಸಲ್ಲಿನ, ಅಂದರೆ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿ ಮೊದಲು 16.2 ಟನ್ ಇತ್ತು, 2018ರಲ್ಲಿ 18.5 ಟನ್ ಆಯಿತು. ಇದರಲ್ಲಿ ಸುಮಾರು 7 ಟನ್ ಮುಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಅಂದರೆ ಒಂದೊಂದು ಥ್ರಸ್ಟ್ ಬೇರಿಂಗ್ ಮೂರು ಟನ್ನಿಗಿಂತ ಜಾಸ್ತಿ ಹೊತ್ತುಕೊಂಡು, ಸ್ಟೇರಿಂಗ್ ತಿರುಗಿಸಿದಾಗೆಲ್ಲಾ ತಾನೂ ತಿರುಗಬೇಕು.

ಸಂದು ಎಲ್ಲಿದೆ? ಮೇಲೋ, ಕೆಳಗೋ?

ಇದೇ ನನ್ನನ್ನು ಕಾಡಿದ್ದು. ನಮ್ಮ ಲಾರಿಗಳಲ್ಲಿ ಬೀಮಿನ, ಅಂದರೆ ಮುಂದಿನ ಆಕ್ಸಲ್ಲಿನ ಅಡ್ಡ ತೊಲೆಯ, ತುದಿ ಒಂದೇ ದಪ್ಪ ಗುಂಡು, ನಡುವೆ ತೂತು. ಸ್ಟಬ್ ಆಕ್ಸಲ್ಲಿಗೆ ಎರಡು ಕವಲು. ಒಂದು ಕವಲು ಆ ಗುಂಡಿನ ಮೇಲೆ, ಇನ್ನೊಂದು ಕೆಳಗೆ. ಮೂರನ್ನೂ ತೂರಿಕೊಂಡು ಕಿಂಗ್ ಪಿನ್ ನಿಂತಿರುತ್ತದೆ. ಪಿನ್ ಬೀಮಿಗೆ ಲಾಕ್ ಆಗಿರುತ್ತದೆ, ತಿರುಗುವುದಿಲ್ಲ. ತಿರುಗುವುದು ಸ್ಟಬ್ ಆಕ್ಸಲ್. ಹಾಗಾಗಿ ಬುಷ್ ಇರುವುದು ಕವಲುಗಳ ಒಳಗೆ, ಬೀಮಿನಲ್ಲಿ ಅಲ್ಲ.

ಚಿತ್ರ ನೋಡಿ ಅರ್ಥ ಆಗದಿದ್ದರೆ ಕೈಯಲ್ಲೇ ಮಾಡಿ ನೋಡಿ. ಬಲಗೈ ಮುಷ್ಟಿ ಕಟ್ಟಿ. ಅದು ಬೀಮಿನ ತುದಿ. ಎಡಗೈಯ ತೋರುಬೆರಳು ಮುಷ್ಟಿಯ ಮೇಲೆ, ಹೆಬ್ಬೆರಳು ಕೆಳಗೆ ಬರುವಂತೆ ಹಿಡಿಯಿರಿ, ಸ್ವಲ್ಪ ಸಡಿಲವಾಗಿ. ಅದು ಸ್ಟಬ್ ಆಕ್ಸಲ್.

ಗಾಡಿ ನೆಲದ ಮೇಲಿದೆ ಅಂದುಕೊಳ್ಳಿ. ಭಾರ ಬೀಮಿನಿಂದ ಕೆಳಗೆ ಒತ್ತುತ್ತದೆ. ಮುಷ್ಟಿಯನ್ನು ಕೆಳಗೆ ಒತ್ತಿ. ಮುಷ್ಟಿ ಹೆಬ್ಬೆರಳ ಮೇಲೆ ಕೂರುತ್ತದೆ. ತೋರುಬೆರಳಿನ ಕೆಳಗೆ ಸಂದು ಬೀಳುತ್ತದೆ. ಹೆಬ್ಬೆರಳಿಗೂ ಮುಷ್ಟಿಗೂ ನಡುವೆ ಇರುವುದೇ ಥ್ರಸ್ಟ್ ಬೇರಿಂಗ್. ಅದಕ್ಕೇ ಅದನ್ನು ಕೆಳಗೆ ಇಟ್ಟಿದ್ದಾರೆ. ತೋರುಬೆರಳಿನ ಕಡೆ ಇರುವುದು ಶಿಮ್.

ಈಗ ಜಾಕಿ ಕೊಡಿ. ಮುಷ್ಟಿಯನ್ನು ಮೇಲೆತ್ತಿ, ಎಡಗೈ ಜೋತುಬೀಳಲಿ. ತೋರುಬೆರಳು ಮುಷ್ಟಿಯ ಮೇಲೆ ಕೂತಿತು. ಸಂದು ಕೆಳಗೆ, ಥ್ರಸ್ಟ್ ಬೇರಿಂಗ್ ಹತ್ತಿರ ಬಂತು. ಸಂದು ಅಷ್ಟೇ ಇದೆ, ಜಾಗ ಬದಲಾಯಿತು ಅಷ್ಟೇ.

ಇದೊಂದು ಹಿಡಿತಕ್ಕೆ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಮೇಲುಕೆಳಗಿನ ಪ್ಲೇಯನ್ನು ಫೀಲರ್ ಗೇಜಿನಿಂದ (ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿ) ನೋಡಬೇಕಾದರೆ ಗಾಡಿ ನೆಲದ ಮೇಲಿರಬೇಕು, ಗೇಜ್ ಮೇಲಿನ ಸಂದಿಗೆ ಹೋಗಬೇಕು. ಜಾಕಿ ಮೇಲೆ ಅದೇ ಜಾಗದಲ್ಲಿ ಗೇಜ್ ಹಾಕಿದರೆ ಏನೂ ಸಿಗುವುದಿಲ್ಲ, ಎಲ್ಲಾ ಸರಿ ಇದೆ ಅನಿಸುತ್ತದೆ. ಶಿಮ್ ಆರಿಸುವುದೂ ಇದೇ ಲೆಕ್ಕದ ಮೇಲೆ. ಶಿಮ್ ದಪ್ಪ ಆದರೆ ಸ್ಟೇರಿಂಗ್ ಬಿಗಿ, ತೆಳು ಆದರೆ ಸ್ಟಬ್ ಆಕ್ಸಲ್ ರಸ್ತೆಯ ಪ್ರತಿ ಗುಂಡಿಗೂ ಮೇಲೆಕೆಳಗೆ ಬಡಿಯುತ್ತದೆ. ಎಷ್ಟು ಇರಬೇಕು ಅನ್ನುವುದನ್ನು ಆ ಆಕ್ಸಲ್ಲಿನ ಕೈಪಿಡಿಯಿಂದಲೇ ತಗೊಳ್ಳಿ.

ಬುಷ್ ಯಾವ ಕಡೆ ಸವೆಯುತ್ತದೆ

ಬುಷ್ ಸುತ್ತಲೂ ಒಂದೇ ಸಮ ಸವೆಯುವುದಿಲ್ಲ. ಟೈರು ನೆಲಕ್ಕೆ ತಾಗುವ ಜಾಗ ಕಿಂಗ್ ಪಿನ್ನಿಗಿಂತ ಹೊರಗಿದೆ. ನೆಲ ಅಲ್ಲಿಂದ ಮೇಲಕ್ಕೆ ಒತ್ತಿದಾಗ ಚಕ್ರದ ತಲೆ ಒಳಕ್ಕೆ ವಾಲಲು ನೋಡುತ್ತದೆ. ಮೇಲಿನ ಕವಲು ಒಳಕ್ಕೆ, ಕೆಳಗಿನದು ಹೊರಕ್ಕೆ. ಹಾಗಾಗಿ ಮೇಲಿನ ಬುಷ್ಷಿನ ಹೊರಗಿನ ಗೋಡೆ, ಕೆಳಗಿನ ಬುಷ್ಷಿನ ಒಳಗಿನ ಗೋಡೆ ಮೊದಲು ತಿಂದುಹೋಗುತ್ತವೆ. ಹಳೇ ಬುಷ್ ಬಿಚ್ಚಿದಾಗ ಬೆರಳು ಹಾಕಿ ನೋಡಿ, ಮೊಟ್ಟೆಯಾಕಾರ ಕೈಗೇ ಗೊತ್ತಾಗುತ್ತದೆ.

ಚಕ್ರ ಎತ್ತಿದಾಗ ಇದೂ ತಿರುವುಮುರುವು. ಹೊರಗಡೆ ನೇತಾಡುವ ಚಕ್ರದ ತೂಕಕ್ಕೆ ತಲೆ ಹೊರಕ್ಕೆ ವಾಲುತ್ತದೆ. ನೆಲದ ಮೇಲಿದ್ದಾಗ ಟನ್‌ಗಟ್ಟಲೆ ಭಾರ ಸ್ಟಬ್ ಆಕ್ಸಲನ್ನು ಒಂದೇ ಕಡೆ ಅದುಮಿ ಹಿಡಿದಿರುತ್ತದೆ, ಯಾರು ತಳ್ಳಿದರೂ ಅಲುಗುವುದಿಲ್ಲ. ಅದಕ್ಕೇ ಬುಷ್ ಪ್ಲೇ ನೋಡಲು ಚಕ್ರ ಎತ್ತಲೇಬೇಕು.

ಚಕ್ರ ಅಲುಗಾಡಿಸಿ ನೋಡುವುದು

ಹಿಂದಿನ ಚಕ್ರಕ್ಕೆ ಹಿಂದೆಮುಂದೆ ಕಲ್ಲು ಇಲ್ಲವೇ ಮರದ ದಿಮ್ಮಿ ಕೊಡಿ. ಬೀಮಿನ ಕೆಳಗೆ ಜಾಕಿ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ.

ಟೈರಿನ ತಲೆಗೆ ಒಂದು ಕೈ, ಬುಡಕ್ಕೆ ಒಂದು ಕೈ. ಟೈರಿನ ಕೆಳಗೆ ಹಾರೆ ಕೊಟ್ಟರೆ ಇನ್ನೂ ಸುಲಭ. ಒಳಗೆಹೊರಗೆ ಅಲುಗಾಡಿಸಿ. ಅಲುಗಿದರೆ ತಪ್ಪು ಕಿಂಗ್ ಪಿನ್ ಬುಷ್ಷಿನದ್ದೂ ಇರಬಹುದು, ಹಬ್ ಬೇರಿಂಗಿನದ್ದೂ ಇರಬಹುದು. ಬೇರೆ ಮಾಡುವುದು ಹೇಗೆ?

ಬ್ರೇಕ್ ಒತ್ತಿಸಿ. ಇದು ನನಗೆ ತುಂಬಾ ಇಷ್ಟವಾದ ಉಪಾಯ. ಬ್ರೇಕ್ ಶೂ ಇರುವುದು ಸ್ಟಬ್ ಆಕ್ಸಲ್ಲಿಗೆ ಬೋಲ್ಟ್ ಆದ ಪ್ಲೇಟಿನ ಮೇಲೆ. ಡ್ರಮ್ ಇರುವುದು ಹಬ್ಬಿನ ಮೇಲೆ. ಬ್ರೇಕ್ ಒತ್ತಿದರೆ ಶೂ ಹೋಗಿ ಡ್ರಮ್ಮನ್ನು ಹಿಡಿಯುತ್ತದೆ. ಹಬ್ಬೂ ಸ್ಟಬ್ ಆಕ್ಸಲ್ಲೂ ಒಂದೇ ತುಂಡಿನ ಹಾಗೆ ಆಗುತ್ತವೆ. ನಡುವೆ ಇದ್ದ ಬೇರಿಂಗ್ ಪ್ಲೇ ಲೆಕ್ಕದಿಂದ ಹೊರಗೆ ಹೋಯಿತು. ಆಮೇಲೂ ಅಲುಗುತ್ತಿದ್ದರೆ ಅದು ಬುಷ್ಷಿನದ್ದೇ. ಅಲುಗಾಟ ನಿಂತರೆ ಮೊದಲು ಹಬ್ ಬೇರಿಂಗ್ ನೋಡಿ.

ಒಂದು ಮಾತು. ಲಾರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಮಾತ್ರ. ಹಾಗಾಗಿ ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಕಾಲಿನ ಬ್ರೇಕನ್ನೇ ಒತ್ತಿ ಹಿಡಿಯಬೇಕು, ಟ್ಯಾಂಕಿನಲ್ಲಿ ಗಾಳಿಯೂ ಇರಬೇಕು.

ಇನ್ನು ಮುಂದೆಹಿಂದೆ ಹಿಡಿದು, ಅಂದರೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಅಲುಗಾಡಿಸಿದಾಗ ಕಾಣುವ ಪ್ಲೇ ಟೈ ರಾಡ್ ಕಡೆಯದು, ಇಲ್ಲವೇ ಹಬ್ ಬೇರಿಂಗಿನದು. ಆ ದಿಕ್ಕಿನಲ್ಲಿ ಸ್ಟಬ್ ಆಕ್ಸಲ್ ಕಿಂಗ್ ಪಿನ್ ಸುತ್ತ ತಿರುಗಲೆಂದೇ ಇರುವುದು, ಅಲ್ವಾ? ಅದನ್ನು ತಡೆದು ಹಿಡಿಯುವುದು ಟೈ ರಾಡ್, ಬಲಗಡೆ ಡ್ರ್ಯಾಗ್ ಲಿಂಕೂ ಸೇರಿ.

ಟೈರಿನಲ್ಲಿ ಕಂಡ ಅಲುಗಾಟವೇ ಬುಷ್ಷಿನ ಸವೆತ ಅಲ್ಲ. ಲೆಕ್ಕ ಹಾಕಿ ನೋಡಿ. ಎರಡು ಬುಷ್ಷಿನ ನಡುವೆ 200 ಮಿ.ಮೀ ಇದೆ, ಟೈರಿನ ತ್ರಿಜ್ಯ 500 ಮಿ.ಮೀ ಅಂತ ಇಟ್ಟುಕೊಳ್ಳಿ. ಮೇಲೂ ಕೆಳಗೂ 0.25 ಮಿ.ಮೀ ಸಡಿಲ ಇದ್ದರೆ, ಒಂದು ಆ ಕಡೆ ಇನ್ನೊಂದು ಈ ಕಡೆ ಹೋಗಿ ಒಟ್ಟು 0.5. ಅದನ್ನು 200ರಿಂದ ಭಾಗಿಸಿ 500ರಿಂದ ಗುಣಿಸಿದರೆ 1.25 ಮಿ.ಮೀ. ಬುಷ್ಷಿನಲ್ಲಿ ಕೂದಲೆಳೆಯಷ್ಟು ಇರುವುದು ಟೈರಿನ ಅಂಚಿಗೆ ಬಂದಾಗ ಕಣ್ಣಿಗೆ ಕಾಣುತ್ತದೆ. ಕೈ ಅಂದಾಜು ಒಳ್ಳೆಯದೇ, ಆದರೆ ಬುಷ್ ಬದಲಿಸಬೇಕೋ ಬೇಡವೋ ಅನ್ನುವುದನ್ನು ಡಯಲ್ ಗೇಜ್ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹೇಳಲಿ. ಗೇಜಿನ ಬುಡ ಬೀಮಿಗೆ, ಮೂಗು ಮೇಲಿನ ಕವಲಿಗೆ. ಮೆರಿಟರ್ ಕಂಪನಿಯ ಆಕ್ಸಲ್ಲುಗಳ ಕೈಪಿಡಿಯಲ್ಲಿ ಒಟ್ಟು 0.25 ಮಿ.ಮೀ ಅಲುಗಿದರೆ ಬುಷ್ ಸವೆದಿದೆ ಎಂದೇ ಲೆಕ್ಕ. ಕೆಳಗಿನ ಬುಷ್ಷಿಗೆ ಮೂಗನ್ನು ಕೆಳಗಿನ ಕವಲಿಗೆ ಇಟ್ಟು ಮತ್ತೆ ನೋಡಿ.

ಗ್ರೀಸ್

ಮತ್ತೆ ಅದೇ ಸಂದಿನ ವಿಷಯ. ಗಾಡಿ ನೆಲದ ಮೇಲಿದ್ದಾಗ ಥ್ರಸ್ಟ್ ಬೇರಿಂಗ್ ಬಿಗಿಯಾಗಿ ಅದುಮಿಕೊಂಡಿರುತ್ತದೆ, ಅದರೊಳಗೆ ಗ್ರೀಸ್ ನುಗ್ಗುವುದು ಕಷ್ಟ. ಎತ್ತಿದರೆ ಅಲ್ಲಿ ದಾರಿ ತೆರೆಯುತ್ತದೆ. ಆದರೆ ಮೇಲಿನ ದಾರಿ ಮುಚ್ಚುತ್ತದೆ. ಕಂಪನಿಗಳಲ್ಲೂ ಇದಕ್ಕೆ ಒಂದೇ ಮಾತಿಲ್ಲ. ಟೈರು ನೆಲಕ್ಕೆ ತಾಗಿರಲಿ ಅನ್ನುವ ಕೈಪಿಡಿಯೂ ಇದೆ, ಎತ್ತಿ ಹೊಡೆಯಿರಿ ಅನ್ನುವುದೂ ಇದೆ. ನಿಮ್ಮ ಗಾಡಿಯದು ಏನು ಹೇಳುತ್ತದೋ ಅದನ್ನು ಮಾಡಿ. ಕೈಪಿಡಿ ಸಿಗದಿದ್ದರೆ ನಾನು ಮೇಲಿನ ನಿಪ್ಪಲ್ಲಿಗೆ (ಗ್ರೀಸ್ ಗನ್ ಹಾಕುವ ಬಾಯಿ) ಗಾಡಿ ನೆಲದ ಮೇಲಿದ್ದಾಗಲೇ ಹೊಡೆದು, ಆಮೇಲೆ ಎತ್ತಿ, ಚಕ್ರವನ್ನು ಎರಡೂ ಕಡೆ ತಿರುಗಿಸುತ್ತಾ ಕೆಳಗಿನದಕ್ಕೆ ಹೊಡೆಯುತ್ತೇನೆ.

ಎಷ್ಟು ಸಲ ಗನ್ ಒತ್ತಬೇಕು ಅಂತ ಎಣಿಸಬೇಡಿ. ಹಳೇ ಕಪ್ಪು ಗ್ರೀಸ್ ಹೋಗಿ ಹೊಸದು ಬೀಮಿನ ಕಡೆಯ ಸಂದಿನಿಂದ ಕಾಣುವವರೆಗೆ ಹೊಡೆಯಿರಿ. ಮೇಲಿನ ಮುಚ್ಚಳದಿಂದ ಬಂದರೆ ಅದರ ಪ್ಯಾಕಿಂಗ್ ಹೋಗಿದೆ ಎಂದರ್ಥ. ಎಲ್ಲೂ ಬರದಿದ್ದರೆ ನಿಪ್ಪಲ್ ಜಾಮ್ ಆಗಿದೆ, ಬಿಚ್ಚಿ ಬದಲಿಸಿ. ನಿಪ್ಪಲ್ ಸರಿ ಇದ್ದೂ ಬರದಿದ್ದರೆ ಬುಷ್ ಹಾಕುವಾಗ ಅದರ ತೂತು ನಿಪ್ಪಲ್ಲಿನ ತೂತಿಗೆ ಸರಿಯಾಗಿ ಕೂತಿಲ್ಲ. ಗನ್ ಹಾಕುವ ಮೊದಲು ನಿಪ್ಪಲ್ ತಲೆ ಒರೆಸಿ. ಬಳ್ಳಾರಿ, ಸಂಡೂರು ಕಡೆ ಅದಿರು ಹೊಡೆಯುವ ಗಾಡಿಗಳಲ್ಲಿ ಕೆಂಪು ಧೂಳು ನಿಪ್ಪಲ್ ಮೇಲೆ ಗಟ್ಟಿ ಕೂತಿರುತ್ತದೆ. ಒರೆಸದೆ ಹೊಡೆದರೆ ಆ ಧೂಳನ್ನೇ ಬುಷ್ಷಿಗೆ ತಳ್ಳಿದ ಹಾಗೆ. ವಾಟರ್ ಸರ್ವಿಸ್ ಆದ ಮೇಲೆ ಗ್ರೀಸ್ ಹೊಡೆಯುವುದು ಯಾಕೆ ಅಂದರೆ, ಜೋರು ನೀರು ಸೀಲ್ ದಾಟಿ ಒಳಗೆ ಹೋಗಿರುತ್ತದೆ. ಹೊಸ ಗ್ರೀಸ್ ಅದನ್ನು ಹೊರಗೆ ತಳ್ಳುತ್ತದೆ.

ಟೈ ರಾಡ್ ಎಂಡ್

ಇಲ್ಲಿ ಲೆಕ್ಕ ಉಲ್ಟಾ. ಗಾಡಿ ನೆಲದ ಮೇಲೆ, ಎಂಜಿನ್ ಆನ್. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ಆ ಕಡೆ ಈ ಕಡೆ ಆಡಿಸಲಿ. ನೀವು ರಾಡಿನ ತುದಿಗೂ ಆರ್ಮಿಗೂ ಸೇರಿಸಿ ಬೆರಳಿಡಿ. ಟೈರು ನೆಲವನ್ನು ಹಿಡಿದಿರುವುದರಿಂದ ಸವೆದ ಬಾಲ್ ಜಾಯಿಂಟ್ ಮೊದಲು ತಾನು ಆಡಿ, ಆಮೇಲೆ ಚಕ್ರವನ್ನು ಎಳೆಯುತ್ತದೆ. ಆ ಸಣ್ಣ ಟಿಕ್ ಬೆರಳಿಗೆ ತಾಗುತ್ತದೆ. ಕೈಯಲ್ಲಿ ಮೇಲೆಕೆಳಗೆ ತಳ್ಳಿಯೂ ನೋಡಿ. ರಾಡ್ ತನ್ನ ಸುತ್ತ ತಾನು ಹೊರಳಿದರೆ ಗಾಬರಿ ಬೇಡ, ಬಾಲ್ ಇರುವುದೇ ಅದಕ್ಕೆ. ಉತ್ತರ ಅಮೆರಿಕದ ರಸ್ತೆ ತಪಾಸಣೆಯಲ್ಲಿ, ಹೊರಳುವುದನ್ನು ಬಿಟ್ಟು, ಕೈಯ ಬಲಕ್ಕೆ 3 ಮಿ.ಮೀಗಿಂತ ಜಾಸ್ತಿ ಅಲುಗಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸುತ್ತಾರೆ.

ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 98 ಇದೆ. ಸ್ಟೇರಿಂಗ್ ಚಕ್ರದಲ್ಲಿ ಪ್ಲೇ 30 ಡಿಗ್ರಿ ದಾಟಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟ್, ಪಿನ್ ಲಾಕ್ ಆಗಿರಬೇಕು. ರಬ್ಬರ್ ಕ್ಯಾಪ್ ಹರಿದರೆ ಜಾಯಿಂಟ್ ಗಟ್ಟಿ ಇದ್ದರೂ ಅದರ ಆಯಸ್ಸು ಮುಗಿಯುತ್ತಾ ಬಂತು ಎಂದೇ ಲೆಕ್ಕ, ಮಣ್ಣು ನೀರು ಒಳಗೆ ಹೋಗಿರುತ್ತದೆ. ಹೊಸದು ಹಾಕಿ ನಟ್ ಬಿಗಿ ಮಾಡಿದಾಗ ಸ್ಪ್ಲಿಟ್ ಪಿನ್ನಿನ ತೂತು ಸರಿಯಾಗಿ ಕಾಣದಿದ್ದರೆ ನಟ್ ಹಿಂದಕ್ಕೆ ಬಿಡಬೇಡಿ. ನಟ್ಟಿನ ಮುಂದಿನ ಕಚ್ಚು ತೂತಿಗೆ ಸೇರುವವರೆಗೆ ಬಿಗಿ ಮಾಡಿ.

ಬುಷ್ ಬದಲಿಸುವಾಗ

ಕಂಚಿನ ಬುಷ್ ಒತ್ತಿ ಕೂರಿಸಿದ ಮೇಲೆ ರೀಮರ್ (ತೂತನ್ನು ಸರಿ ಅಳತೆಗೆ ಕೊರೆಯುವ ಉಪಕರಣ) ಹಾಕಬೇಕು. ಎರಡು ಬುಷ್ಷೂ ಒಂದೇ ನೇರಕ್ಕೆ ಬರುವಂಥ ಉದ್ದ ರೀಮರ್ ಇರಲಿ. ಪಿನ್ ಬೀಮಿನ ತೂತಿನಲ್ಲೇ ಸಡಿಲ ಇದ್ದರೆ ಹೊಸ ಬುಷ್ ಹಾಕಿ ಉಪಯೋಗವಿಲ್ಲ, ತಪ್ಪು ಬೀಮಿನಲ್ಲಿದೆ. ಬೀಮಿಗೆ ವೆಲ್ಡಿಂಗ್ ಬೇಡ, ಬೆಂಕಿಯೂ ಬೇಡ. ಅದು ಹದ ಕೊಟ್ಟ ಫೋರ್ಜಿಂಗ್.

ಹಬ್ ಬೇರಿಂಗಿಗೆ ಡಯಲ್ ಗೇಜಿನಲ್ಲಿ 0.025ರಿಂದ 0.125 ಮಿ.ಮೀ ಎಂಡ್ ಪ್ಲೇ ಸಾಮಾನ್ಯ ಮಿತಿ. ಪ್ಲೇಯೇ ಬೇಡ ಅಂತ ಬಿಗಿದರೆ ಬೇರಿಂಗ್ ಕಾದು ಹೋಗುತ್ತದೆ.

ಅಲೈನ್ಮೆಂಟ್ ಇದೆಲ್ಲಾ ಆದ ಮೇಲೆ. ಸಡಿಲ ಬುಷ್ ಮೇಲೆ ಟೋ-ಇನ್ (ಎರಡು ಚಕ್ರಗಳ ಮುಂಭಾಗವನ್ನು ತುಸು ಒಳಕ್ಕೆ ಇಡುವ ಅಳತೆ) ಇಟ್ಟರೆ ಗಾಡಿ ನಿಂತಾಗ ಇದ್ದ ಅಳತೆ ಓಡುವಾಗ ಇರುವುದಿಲ್ಲ, ಟೈರು ಮತ್ತೆ ತಿಂದುಹೋಗುತ್ತದೆ. ಮುಂದೆ ಎರಡು ಸ್ಟೇರಿಂಗ್ ಆಕ್ಸಲ್ ಇರುವ ಗಾಡಿಯಲ್ಲಿ ನಾಲ್ಕು ಕಿಂಗ್ ಪಿನ್, ಎಂಟು ಬುಷ್. ಜೊತೆಗೆ ಎರಡು ಆಕ್ಸಲ್ಲನ್ನು ಜೋಡಿಸುವ ರಾಡಿನ ಎಂಡುಗಳೂ ಇವೆ. ಅವು ಸವೆದರೆ ಎರಡನೇ ಆಕ್ಸಲ್ಲಿನ ಟೈರು ಮೊದಲನೆಯದರ ಜೊತೆ ತಿರುಗದೆ ಉಜ್ಜುತ್ತದೆ. ಹಾಗಾಗಿ ಎರಡನೇ ಆಕ್ಸಲ್ಲಿನ ಟೈರು ಮಾತ್ರ ಸವೆದು ಬಂದಿದ್ದರೆ ಆ ರಾಡಿನಿಂದಲೇ ಶುರು ಮಾಡಿ.