ಬೀದರಿನ ನೆರಳು, ಬೆಂಗಳೂರಿನ ಫೋನು

ಕರ್ನಾಟಕದ ನಕ್ಷೆಯ ಮೇಲೆ ಬೆಂಗಳೂರಿನಿಂದ ನೇರ ಉತ್ತರಕ್ಕೆ ಒಂದು ಗೆರೆ ಎಳೆದು ನೋಡಿ. ರಾಜ್ಯದ ತುತ್ತತುದಿಯಲ್ಲಿ ಅದು ಹೆಚ್ಚುಕಡಿಮೆ ಬೀದರಿನ ಮೇಲೇ ಹಾದುಹೋಗುತ್ತದೆ. ಬೆಂಗಳೂರಿನ ರೇಖಾಂಶ 77.6 ಡಿಗ್ರಿ, ಬೀದರಿನದು 77.5. ಅಕ್ಷಾಂಶ ಮಾತ್ರ ಬೇರೆ. ಒಂದು 13ರ ಹತ್ತಿರ, ಇನ್ನೊಂದು 18ರ ಹತ್ತಿರ. ಹೀಗಾಗಿ ಎರಡೂ ಊರಲ್ಲಿ ನಡುಹಗಲು ಒಂದೇ ಗಳಿಗೆಗೆ ಆಗುತ್ತದೆ, ಆದರೆ ಆ ಗಳಿಗೆಯ ನೆರಳು ಒಂದೇ ಉದ್ದ ಇರುವುದಿಲ್ಲ. ವಿಜ್ಞಾನ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಭೂಗೋಳ ಸಿಗುವುದು ಕಷ್ಟ.

ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಎರಟೋಸ್ತನೀಸ್ ಇಂಥದೇ ಎರಡು ಊರು ಹಿಡಿದು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ದಕ್ಷಿಣದ ಸಯೀನ್‌ನಲ್ಲಿ ವರ್ಷಕ್ಕೊಂದು ದಿನ ನಡುಹಗಲಿಗೆ ನೆರಳೇ ಬೀಳುವುದಿಲ್ಲ. ಅದೇ ದಿನ ಅಲೆಕ್ಸಾಂಡ್ರಿಯದ ನೆರಳಿನ ಕೋನ ವೃತ್ತದ ಐವತ್ತನೇ ಒಂದು ಪಾಲು. ಹಾಗಾದರೆ ಎರಡು ಊರುಗಳ ನಡುವಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ. ತರಗತಿಯಲ್ಲಿ ಇದನ್ನು ಕಥೆಯಾಗಿ ಹೇಳಿ ಮುಂದಕ್ಕೆ ಹೋಗುತ್ತೇವೆ. ಈಗ ಸ್ಮಾರ್ಟ್ ಕ್ಲಾಸ್ ಬಂದ ಮೇಲೆ ಅದರ ವಿಡಿಯೋ ತೋರಿಸುತ್ತೇವೆ. ಮಕ್ಕಳು ಚೆನ್ನಾಗಿದೆ ಅನ್ನುತ್ತಾರೆ, ಮರೆಯುತ್ತಾರೆ.

ಬೀದರಿನ ಒಂದು ಶಾಲೆ, ಬೆಂಗಳೂರಿನ ಒಂದು ಶಾಲೆ, ನಡುವೆ ಎರಡು ಫೋನು ಇದ್ದರೆ ಇದನ್ನು ಕೈಯಾರೆ ಮಾಡಬಹುದು. ಬೆಂಗಳೂರಿನಲ್ಲಿ ನೆರಳಿಲ್ಲದ ದಿನ ಬರುವುದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗಂತ ಕೈಬಿಡಬೇಕಾಗಿಲ್ಲ. ಎರಡೂ ಕಡೆಯ ಕೋನ ಅಳೆದು ಒಂದರಲ್ಲಿ ಇನ್ನೊಂದನ್ನು ಕಳೆದರೆ ಸಾಕು. ಯಾವ ದಿನವಾದರೂ ನಡೆಯುತ್ತದೆ. ನನಗೆ ಒಪ್ಪುವುದು ಡಿಸೆಂಬರ್ 21ರ ಆಸುಪಾಸು. ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಶಾಲೆಯೂ ನಡೆಯುತ್ತಿರುತ್ತದೆ. ಆ ವಾರ ಸೂರ್ಯನ ಎತ್ತರ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗುವುದಿಲ್ಲವಾದ್ದರಿಂದ, ಒಂದು ಊರಲ್ಲಿ ಮೋಡ ಕವಿದರೆ ಅಲ್ಲಿನವರು ಮರುದಿನ ಅಳೆದರೂ ಆಗುತ್ತದೆ.

ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಕೋಲು ವಾಲಿದೆಯೋ ಇಲ್ಲವೋ ತಿಳಿಯುತ್ತದೆ. ಹನ್ನೆರಡರಿಂದ ಹನ್ನೆರಡೂವರೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಬೇಕು. ಅತಿ ಚಿಕ್ಕ ನೆರಳು ಹನ್ನೆರಡಕ್ಕೆ ಬೀಳುವುದಿಲ್ಲ, 12 ಗಂಟೆ 18 ನಿಮಿಷದ ಹೊತ್ತಿಗೆ ಬೀಳುತ್ತದೆ. ಮಕ್ಕಳು ಮೊದಲು ಫೋನಿನ ಗಡಿಯಾರವನ್ನೇ ಅನುಮಾನಿಸುತ್ತಾರೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದರಿಂದ ಐದು ಡಿಗ್ರಿ ಪಶ್ಚಿಮಕ್ಕೆ, ಡಿಗ್ರಿಗೆ ನಾಲ್ಕು ನಿಮಿಷ ತಡ. ಒಟ್ಟು ಇಪ್ಪತ್ತು ನಿಮಿಷ. ಉಳಿದೆರಡು ನಿಮಿಷದ ವ್ಯತ್ಯಾಸ ಭೂಮಿಯ ಓಟದ ಏರಿಳಿತದ್ದು. ಇಷ್ಟನ್ನು ಅವರೇ ಕಂಡುಕೊಂಡರೆ ಅಂದಿನ ಪಾಠ ಅಲ್ಲಿಗೇ ನಿಂತರೂ ನಷ್ಟವಿಲ್ಲ.

ಬೆಂಗಳೂರಿನಲ್ಲಿ ನೆರಳು 73.7 ಸೆಂಟಿಮೀಟರ್, ಬೀದರಿನಲ್ಲಿ 88ರಷ್ಟು ಬರಬೇಕು. ಕೋಲು ಮತ್ತು ನೆರಳಿನ ಉದ್ದದಿಂದ ಲೆಕ್ಕ ಹಾಕಿದ ಕೋನಗಳ ವ್ಯತ್ಯಾಸ ಐದು ಡಿಗ್ರಿಗೆ ಕೊಂಚ ಕಡಿಮೆ. ಆದರೆ ನೆಲದ ಮೇಲೆ ಬಗ್ಗಿ ನೋಡಿದರೆ ನೆರಳಿಗೆ ಚೂಪಾದ ತುದಿಯೇ ಇಲ್ಲ. ಕಪ್ಪು ಮೆಲ್ಲಗೆ ಬೂದಾಗುತ್ತದೆ, ಬೂದು ಬಿಸಿಲಿನಲ್ಲಿ ಕರಗುತ್ತದೆ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದಕ್ಕೇ ಈ ಮಸುಕು. ಇಲ್ಲಿ ಅದರ ಅಗಲ ಒಂದೂವರೆ ಸೆಂಟಿಮೀಟರ್. ಬೀದರಿನವರು ಒಂದೇ ಒಂದು ಸೆಂಟಿಮೀಟರ್ ಹೆಚ್ಚು ಓದಿದರೆ ಭೂಮಿ 40 ಸಾವಿರ ಕಿಲೋಮೀಟರಿನಿಂದ 37 ಸಾವಿರ ಚಿಲ್ಲರೆಗೆ ಕುಗ್ಗಿಬಿಡುತ್ತದೆ!

ಈ ಮಸುಕು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಪರದೆಯ ಮೇಲೇ ಪ್ರಯೋಗ ಮಾಡಿ ನೋಡಬಹುದಾದ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ, ಕಣ್ಣಿಗೆ ಕಾಣದ ಅಣು, ಕರೆಂಟುಗಳನ್ನು ಅರ್ಥ ಮಾಡಿಸಲು ಅಂಥವು ಬೇಕೇ ಬೇಕು. ಆದರೆ ಪರದೆಯ ಮೇಲೆ ಬಿಡಿಸಿದ ನೆರಳಿಗೆ ಸಾಮಾನ್ಯವಾಗಿ ಅಂಚು ಚೂಪಾಗಿರುತ್ತದೆ. ಎಲ್ಲಿ ಗುರುತು ಹಾಕೋಣ ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಅಂಗಳದಲ್ಲಿ ಅದು ಮೊದಲ ನಿಮಿಷಕ್ಕೇ ಹುಟ್ಟುತ್ತದೆ, ಮತ್ತು ಅದನ್ನು ಒಂದು ಶಾಲೆ ಒಂಟಿಯಾಗಿ ತೀರ್ಮಾನಿಸುವಂತಿಲ್ಲ. ವಿಡಿಯೋ ಕಾಲ್ ಬೇಕಾಗುವುದು ಇಲ್ಲಿ. ‘ನೀವು ಕಪ್ಪು ಮುಗಿಯುವಲ್ಲಿ ಗೆರೆ ಹಾಕಿದಿರೋ, ಬೂದು ಮುಗಿಯುವಲ್ಲಿ ಹಾಕಿದಿರೋ?’ ಎರಡೂ ಕಡೆಯವರು ಒಂದೇ ಜಾಗಕ್ಕೆ ಒಪ್ಪಿಕೊಂಡರೆ ಎರಡೂ ಕೋನಗಳಲ್ಲಿ ತಪ್ಪು ಒಂದೇ ಅಳತೆಯದಾಗುತ್ತದೆ, ಕಳೆಯುವಾಗ ತಾನಾಗಿ ವಜಾ ಆಗುತ್ತದೆ. ಒಬ್ಬರು ಕಪ್ಪಿನಲ್ಲಿ, ಇನ್ನೊಬ್ಬರು ಬೂದಿನಲ್ಲಿ ಗೆರೆ ಹಾಕಿದರೆ ಎಷ್ಟು ಜಾಗ್ರತೆಯಿಂದ ಅಳೆದರೂ ಲೆಕ್ಕ ಕೆಡುತ್ತದೆ. ಡಿಜಿಟಲ್ ಸಾಕ್ಷರತೆ ಅಂದರೆ ನನ್ನ ಮನಸ್ಸಿಗೆ ಬರುವುದು ಈ ಸಂಭಾಷಣೆ: ದೂರದಲ್ಲಿರುವವರ ಜೊತೆ ಒಂದು ಅಂಕಿಯ ಹುಟ್ಟನ್ನು ವಿಚಾರಿಸುವುದು.

ಫೋಟೋ ತೆಗೆದು ಕಳಿಸುವಾಗಲೂ ಅಷ್ಟೆ. ಕೋಲಿನ ಪಕ್ಕ ನಿಂತು ಓರೆಯಾಗಿ ತೆಗೆದ ಚಿತ್ರದಲ್ಲಿ ದೂರದ ಸೆಂಟಿಮೀಟರ್‌ಗಳು ಕುಗ್ಗಿ ಕಾಣುತ್ತವೆ. ಅಳತೆಪಟ್ಟಿ ಚಿತ್ರದೊಳಗೇ ನೆರಳಿಗೆ ಅಂಟಿಕೊಂಡಿರಬೇಕು, ಫೋನು ತುದಿಯ ನೇರ ಮೇಲಿರಬೇಕು. ಮ್ಯಾಪ್ ತೆರೆದರೆ ಇನ್ನೊಂದು ಹಳ್ಳ. ಬೆಂಗಳೂರಿನಿಂದ ಬೀದರಿಗೆ ಎಷ್ಟು ದೂರ ಎಂದು ಕೇಳಿದರೆ ಅದು ರಸ್ತೆ ಹೇಳುತ್ತದೆ, ಸುಮಾರು 700 ಕಿಲೋಮೀಟರ್. ಹಾಗೇ ಗುಣಿಸಿದರೆ ಭೂಮಿಯ ಸುತ್ತಳತೆ 50 ಸಾವಿರ ದಾಟುತ್ತದೆ. ನಮಗೆ ಬೇಕಾದ್ದು ಹಕ್ಕಿ ಹಾರುವ ದೂರ, 548ರ ಆಸುಪಾಸು. ಫೋನು ಸುಳ್ಳು ಹೇಳಲಿಲ್ಲ, ನಾವು ಕೇಳಿದ್ದು ಬೇರೆ.

ಸರಿಯುತ್ತರವಂತೂ ಎರಡು ಸೆಕೆಂಡಿಗೆ ಸಿಗುತ್ತದೆ. ಅದನ್ನು ನೋಡಿಕೊಂಡು ಹಿಂದಿನಿಂದ ಲೆಕ್ಕ ಹಾಕಿ 88.0 ಎಂದು ಬರೆಯುವ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಗದರಿ ಫಲವಿಲ್ಲ. ಸರಿಯುತ್ತರಕ್ಕೆ ಮಾತ್ರ ಅಂಕ ಕೊಡುತ್ತಾ ಬಂದವರು ನಾವೇ. ಮೂವತ್ತು ಮಕ್ಕಳ ಮೂವತ್ತು ಅಳತೆಯನ್ನೂ ಇಬ್ಬರಿಗೂ ಕಾಣುವ ಒಂದು ಶೀಟಿನಲ್ಲಿ ತುಂಬಿಸಿ. ಯಾವುದನ್ನಾದರೂ ಬಿಡುವುದಾದರೆ ಯಾಕೆ ಬಿಟ್ಟೆವು ಎಂದು ಪಕ್ಕದಲ್ಲೇ ಬರೆಯಿಸಿ. ನಿಜವಾಗಿ ಅಳೆದು 43 ಸಾವಿರ ಪಡೆದ ತಂಡಕ್ಕೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ.

ಮಳೆಗಾಲ ಬಂದರೆ ವಾಟ್ಸ್ಯಾಪಿನಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಸುತ್ತುತ್ತದೆ: ಭೂಮಿ ಸೂರ್ಯನಿಂದ ಎಂದಿನ 9 ಕೋಟಿ ಕಿಲೋಮೀಟರ್ ಬಿಟ್ಟು 15.2 ಕೋಟಿ ಕಿಲೋಮೀಟರ್ ದೂರ ಹೋಗುತ್ತಿದೆ, ಚಳಿ ಹೆಚ್ಚುತ್ತದೆ, ಕೆಮ್ಮು ನೆಗಡಿ ಬರುತ್ತದೆ ಎಂದು. 15.2 ಕೋಟಿ ನಿಜ, ಜುಲೈ ಮೊದಲ ವಾರದಲ್ಲಿ ನಾವಿರುವುದು ಅಷ್ಟೇ ದೂರದಲ್ಲಿ. 9 ಕೋಟಿ ಮಾತ್ರ ಸುಳ್ಳು. ಜನವರಿಯಲ್ಲಿ ಅತಿ ಹತ್ತಿರ ಬಂದಾಗಲೂ 14.7 ಕೋಟಿ ಇರುತ್ತದೆ.

ಇದನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ಅಲ್ಲಗಳೆಯುವ ಬದಲು ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿಸಿ. ತೂತಿನ ಮೂಲಕ ಸೂರ್ಯನನ್ನು ನೋಡಬಾರದು. ಎರಡು ಮೀಟರ್ ಹಿಂದೆ ನೆರಳಿನಲ್ಲಿ ಹಿಡಿದ ಬಿಳಿ ಹಾಳೆಯ ಮೇಲೆ ಬೀಳುವ ಬೆಳಕಿನ ಬೊಟ್ಟನ್ನು ನೋಡಬೇಕು. ಅದು ಸೂರ್ಯನದೇ ಬಿಂಬ, ಕೋಲಿನ ನೆರಳನ್ನು ಮಸುಕಾಗಿಸಿದ ಅದೇ ಅರ್ಧ ಡಿಗ್ರಿ. ಜನವರಿಯಲ್ಲಿ ಪೆನ್ಸಿಲ್ಲಿನಿಂದ ಅದರ ಸುತ್ತ ಗೆರೆ ಎಳೆದು, ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿಟ್ಟುಕೊಳ್ಳಲಿ. ಸಂದೇಶ ನಿಜವಾಗಿದ್ದರೆ ಜನವರಿಯ ಬೊಟ್ಟು 31 ಮಿಲಿಮೀಟರ್ ಇರಬೇಕಿತ್ತು. ಅವರ ಹಾಳೆಯಲ್ಲಿ ಇರುವುದು 19ರಷ್ಟು. ಜುಲೈನಲ್ಲಿ ಮೋಡ ಸರಿದ ಒಂದು ಮಧ್ಯಾಹ್ನ ಮತ್ತೆ ಅಳೆದರೆ 18ಕ್ಕೆ ಸ್ವಲ್ಪ ಮೇಲೆ.